ಕೆಟಮಿನ್: ಶಸ್ತ್ರಕ್ರಿಯೆಯ ಮೇಜಿನಿಂದ ಕುಣಿತದ ಕೋಣೆಗೆ

ಇತಿಹಾಸವೆಂದರೆ ರಾಜವಂಶಗಳ, ಯುದ್ಧಗಳ, ಒಪ್ಪಂದಗಳ ಕಥೆ ಎಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಆದರೆ ಉಪ್ಪಿಗೆ, ಹತ್ತಿಗೆ, ಕಾಫಿಗೆ ಇತಿಹಾಸವಿರುವಂತೆ ಔಷಧಗಳಿಗೂ ಇತಿಹಾಸವುಂಟು. ಯಾರು ಕಂಡುಹಿಡಿದರು, ಯಾವ ರೋಗಕ್ಕೆ ಕೊಟ್ಟರು ಎಂಬ ವಿವರದ ಜೊತೆಗೆ, ಆ ಔಷಧ ಯಾವ ಕೈಯಿಂದ ಯಾವ ಕೈಗೆ ಹೋಯಿತು, ಹೋದಲ್ಲಿ ಏನು ಮಾಡಿತು ಎಂಬುದೂ ಆ ಇತಿಹಾಸದ ಭಾಗವೇ ಆಗಿದೆ. ಇಂದು ನಾವು ವಿಚಾರ ಮಾಡಲಿರುವುದು ಕೆಟಮಿನ್ ಎಂಬ ಅರಿವಳಿಕೆ ಔಷಧದ ಬಗ್ಗೆ.

ವೈದ್ಯರು ಈ ಔಷಧವನ್ನು ಬಹಳ ಸುರಕ್ಷಿತವಾದ ಅರಿವಳಿಕೆಗಳಲ್ಲಿ ಒಂದೆಂದು ಪರಿಗಣಿಸುತ್ತಾರೆ. ಅದೇ ಔಷಧ 1990ರ ದಶಕದಿಂದೀಚೆಗೆ ಲಂಡನ್, ನ್ಯೂಯಾರ್ಕ್, ಹಾಂಗ್‌ಕಾಂಗ್‌ನಂತಹ ನಗರಗಳ ರಾತ್ರಿಯ ನೃತ್ಯಕೂಟಗಳಿಗೆ ನುಗ್ಗಿ, ಇಪ್ಪತ್ತು ವರ್ಷ ತುಂಬದ ಹುಡುಗ ಹುಡುಗಿಯರ ಮೂತ್ರಕೋಶವನ್ನು ಮುದುಕರ ಮೂತ್ರಕೋಶಕ್ಕಿಂತ ಕೆಟ್ಟ ಸ್ಥಿತಿಗೆ ತಂದಿತು. ಎರಡೂ ನಿಜ. ಈ ಎರಡು ನಿಜಗಳು ಹೇಗೆ ಒಂದೇ ಬಾಟಲಿಯಿಂದ ಹೊರಟವು ಎಂಬುದನ್ನು ಅರ್ಥಮಾಡಿಕೊಂಡರೆ, ‘ಸುರಕ್ಷಿತ’ ಎಂಬ ಮಾತಿಗೆ ನಿಜವಾದ ಅರ್ಥವೇನು ಎಂಬುದೂ ತಿಳಿಯುತ್ತದೆ.

ಡೆಟ್ರಾಯಿಟ್‌ನಲ್ಲಿ ಹುಟ್ಟು

ಅಮೆರಿಕದ ಡೆಟ್ರಾಯಿಟ್ ನಗರ ಮೋಟಾರು ಕಾರುಗಳಿಗೆ ಹೆಸರಾದದ್ದು. ಪಾರ್ಕ್-ಡೇವಿಸ್ ಎಂಬ ಹಳೆಯ ಔಷಧ ಕಂಪನಿಯೂ ಅಲ್ಲಿಯೇ ಇತ್ತು. 1956ರಲ್ಲಿ ಆ ಕಂಪನಿಯ ಪ್ರಯೋಗಶಾಲೆಯಲ್ಲಿ ಫೆನ್‌ಸೈಕ್ಲಿಡಿನ್ ಎಂಬ ರಾಸಾಯನಿಕ ತಯಾರಾಯಿತು. ಅದನ್ನು ಕೊಟ್ಟರೆ ರೋಗಿಗೆ ನೋವು ತಿಳಿಯುತ್ತಿರಲಿಲ್ಲ, ಉಸಿರಾಟವೂ ನಿಲ್ಲುತ್ತಿರಲಿಲ್ಲ. ಆದರೆ ಶಸ್ತ್ರಕ್ರಿಯೆ ಮುಗಿದು ಎಚ್ಚರವಾದ ಮೇಲೆ ಕೆಲವು ರೋಗಿಗಳು ಗಂಟೆಗಟ್ಟಲೆ ಭ್ರಮೆಯಲ್ಲಿ ಒದ್ದಾಡುತ್ತಿದ್ದರು. ಹೀಗಾಗಿ 1965ರಲ್ಲಿ ಮನುಷ್ಯರ ಮೇಲೆ ಅದರ ಬಳಕೆಯನ್ನು ಕೈಬಿಡಲಾಯಿತು.

ಅದರ ಒಳ್ಳೆಯ ಗುಣ ಉಳಿಸಿಕೊಂಡು ಕೆಟ್ಟ ಗುಣ ಕಳೆಯುವಂಥ ಇನ್ನೊಂದು ವಸ್ತುವನ್ನು ಹುಡುಕುವ ಕೆಲಸ ಅಷ್ಟರಲ್ಲೇ ಆರಂಭವಾಗಿತ್ತು. ಕಂಪನಿಯ ಸಲಹೆಗಾರರಾಗಿದ್ದ ರಸಾಯನಶಾಸ್ತ್ರಜ್ಞ ಕ್ಯಾಲ್ವಿನ್ ಸ್ಟೀವನ್ಸ್ 1962ರಲ್ಲಿ ಅಂಥದೊಂದನ್ನು ಸಿದ್ಧಪಡಿಸಿದರು. ಅದಕ್ಕೆ ಮೊದಲು ಇದ್ದದ್ದು ಸಿಐ-581 ಎಂಬ ಸಂಕೇತ ಸಂಖ್ಯೆ ಮಾತ್ರ. 1964ರ ಆಗಸ್ಟ್‌ನಲ್ಲಿ ಮಿಷಿಗನ್ ವಿಶ್ವವಿದ್ಯಾನಿಲಯದ ಎಡ್ವರ್ಡ್ ಡೊಮಿನೊ ಮತ್ತು ಗುಂಟರ್ ಕಾರ್ಸೆನ್ ಎಂಬ ವೈದ್ಯರು ಅದನ್ನು ಮೊದಲ ಬಾರಿಗೆ ಮನುಷ್ಯರಿಗೆ ಕೊಟ್ಟರು. ಹಾಗೆ ಪ್ರಯೋಗಕ್ಕೆ ಒಳಗಾದವರು ಜಾಕ್ಸನ್ ಸೆರೆಮನೆಯ ಕೈದಿಗಳು. ಸೆರೆಯಲ್ಲಿರುವವನು ಕೊಡುವ ಒಪ್ಪಿಗೆಯನ್ನು ಒಪ್ಪಿಗೆ ಎನ್ನಬಹುದೇ ಎಂಬ ಪ್ರಶ್ನೆಯನ್ನು ಆ ಕಾಲದಲ್ಲಿ ಹೆಚ್ಚು ಜನ ಕೇಳಿರಲಿಲ್ಲ. ಮುಂದಿನ ದಶಕದಲ್ಲಿ ಆ ಪ್ರಶ್ನೆ ಬಲವಾಗಿ ಎದ್ದು, ಕೈದಿಗಳ ಮೇಲಿನ ಔಷಧ ಪ್ರಯೋಗಗಳಿಗೆ ಅಮೆರಿಕದಲ್ಲಿ ಕಟ್ಟುನಿಟ್ಟಾದ ನಿಯಮಗಳು ಬಂದವು.

ಔಷಧ ಪಡೆದವರ ಸ್ಥಿತಿ ವಿಚಿತ್ರವಾಗಿತ್ತು. ಕಣ್ಣು ತೆರೆದೇ ಇರುತ್ತಿತ್ತು, ಉಸಿರು ಆಡುತ್ತಿತ್ತು, ಆದರೆ ಚುಚ್ಚಿದರೂ ಕೊಯ್ದರೂ ಅರಿವಿಲ್ಲ. ತನ್ನ ಕೈಕಾಲು ತನ್ನದಲ್ಲ ಎಂಬಂತೆ, ತಾನು ಬೇರೆಲ್ಲೋ ತೇಲುತ್ತಿರುವಂತೆ ಅವರಿಗೆ ಅನಿಸುತ್ತಿತ್ತು. ಈ ಸ್ಥಿತಿಗೆ ಏನು ಹೆಸರಿಡಬೇಕೆಂದು ಡೊಮಿನೊ ಮನೆಯಲ್ಲಿ ಮಾತನಾಡುತ್ತಿದ್ದಾಗ, ಅವರ ಪತ್ನಿ ಟೋನಿ ಸೂಚಿಸಿದ ಹೆಸರು ‘ಡಿಸೋಸಿಯೇಟಿವ್’ ಅರಿವಳಿಕೆ, ಅಂದರೆ ಮನಸ್ಸನ್ನು ದೇಹದಿಂದ ಬೇರ್ಪಡಿಸುವ ಅರಿವಳಿಕೆ. ವೈದ್ಯಶಾಸ್ತ್ರದ ಪುಸ್ತಕಗಳಲ್ಲಿ ಇಂದಿಗೂ ಅದೇ ಹೆಸರು ಉಳಿದಿದೆ.

ಇದರ ಕಾರಣ ಎಷ್ಟೋ ವರ್ಷಗಳ ನಂತರ, 1980ರ ದಶಕದಲ್ಲಿ, ಸ್ಪಷ್ಟವಾಯಿತು. ನಮ್ಮ ಮಿದುಳಿನ ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಬಳಸುತ್ತವೆ. ಅದನ್ನು ಬರಮಾಡಿಕೊಳ್ಳುವ ಬಾಗಿಲುಗಳಲ್ಲಿ ಎನ್‌ಎಂಡಿಎ ಎಂಬುದು ಒಂದು ಬಗೆ. ಕೆಟಮಿನ್ ಆ ಬಾಗಿಲಿಗೆ ಅಗಳಿ ಹಾಕುತ್ತದೆ. ನೋವಿನ ಸುದ್ದಿ, ದೇಹದ ಸುದ್ದಿ ಮೇಲಕ್ಕೆ ಹೋಗದೆ ನಿಲ್ಲುತ್ತದೆ. ನೆನಪು ಮೂಡುವುದಕ್ಕೂ ಇದೇ ಬಾಗಿಲು ಬೇಕು ಎಂಬುದನ್ನು ಓದುವ ವಯಸ್ಸಿನವರಾದ ನೀವು ವಿಶೇಷವಾಗಿ ಗಮನಿಸಬೇಕು.

ಬಡವರ ಅರಿವಳಿಕೆ

ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1970ರಲ್ಲಿ ಕೆಟಮಿನ್‌ಗೆ ಅನುಮತಿ ನೀಡಿತು. ವಿಯೆಟ್ನಾಂ ಯುದ್ಧಭೂಮಿಯಲ್ಲಿ ಗಾಯಗೊಂಡ ಸೈನಿಕರಿಗೆ ಅದು ಬೇಗನೆ ಬಳಕೆಯಾಯಿತು. ಇತರ ಅನೇಕ ಅರಿವಳಿಕೆಗಳು ಉಸಿರಾಟವನ್ನು ಕುಗ್ಗಿಸುತ್ತವೆ, ರಕ್ತದೊತ್ತಡವನ್ನು ಇಳಿಸುತ್ತವೆ. ಆದ್ದರಿಂದ ಅವುಗಳಿಗೆ ಆಮ್ಲಜನಕದ ಸಿಲಿಂಡರು, ಉಸಿರಾಟದ ಯಂತ್ರ, ವಿದ್ಯುತ್ತು, ನುರಿತ ತಜ್ಞ ಇವೆಲ್ಲ ಬೇಕು. ಕೆಟಮಿನ್ ಕೊಟ್ಟ ರೋಗಿ ಸಾಮಾನ್ಯವಾಗಿ ತಾನೇ ಉಸಿರಾಡುತ್ತಾನೆ, ರಕ್ತದೊತ್ತಡವೂ ಬೀಳುವುದಿಲ್ಲ. ಸ್ನಾಯುವಿಗೆ ಒಂದು ಸೂಜಿಮದ್ದು ಕೊಟ್ಟರೂ ಕೆಲಸವಾಗುತ್ತದೆ. ಬೆಲೆಯೂ ಕಡಿಮೆ.

ಈ ಗುಣಗಳಿಂದಾಗಿಯೇ ವಿಶ್ವ ಆರೋಗ್ಯ ಸಂಸ್ಥೆ ಅದನ್ನು 1985ರಲ್ಲಿ ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ಆಫ್ರಿಕ ಮತ್ತು ಏಷ್ಯದ ಎಷ್ಟೋ ಗ್ರಾಮೀಣ ಆಸ್ಪತ್ರೆಗಳಲ್ಲಿ ಹೆರಿಗೆಯ ಶಸ್ತ್ರಕ್ರಿಯೆ, ಮುರಿದ ಮೂಳೆಯ ಜೋಡಣೆ, ಸುಟ್ಟ ಗಾಯದ ಚಿಕಿತ್ಸೆ ನಡೆಯುವುದು ಈ ಒಂದು ಔಷಧದ ಬಲದಿಂದ. ಭೂಕಂಪ, ಪ್ರವಾಹದಂಥ ವಿಪತ್ತುಗಳಲ್ಲೂ ಅದೇ ಆಸರೆ. 2018ರ ಜೂನ್‌ನಲ್ಲಿ ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯಲ್ಲಿ 12 ಹುಡುಗರೂ ಅವರ ಫುಟ್ಬಾಲ್ ತರಬೇತುದಾರನೂ ನೀರಿನಿಂದ ಸುತ್ತುವರಿದು ಸಿಕ್ಕಿಕೊಂಡದ್ದು ನಿಮಗೆ ಗೊತ್ತಿರಬಹುದು. ಮುಳುಗಿದ ಸುರಂಗದಲ್ಲಿ ಹುಡುಗರು ಹೆದರಿ ಕೈಕಾಲು ಬಡಿದರೆ ಅವರೂ ಸಾಯುತ್ತಿದ್ದರು, ಹೊರತರುವವರೂ ಸಾಯುತ್ತಿದ್ದರು. ಆಸ್ಟ್ರೇಲಿಯದ ಅರಿವಳಿಕೆ ತಜ್ಞ ಡಾ. ರಿಚರ್ಡ್ ಹ್ಯಾರಿಸ್ ಅವರಿಗೆ ಕೆಟಮಿನ್ ಕೊಟ್ಟು ಮಲಗಿಸಿದರು. ನಡುದಾರಿಯಲ್ಲಿ ಎಚ್ಚರವಾಗುವಂತಾದರೆ ಮತ್ತೆ ಚುಚ್ಚುವುದು ಹೇಗೆಂದು ಮುಳುಗುಗಾರರಿಗೆ ಹೇಳಿಕೊಟ್ಟರು. ಹದಿಮೂರು ಮಂದಿಯೂ ಬದುಕಿ ಬಂದರು.

ನಮ್ಮ ನಾಡಿಗೂ ಈ ಔಷಧ ಅಪರಿಚಿತವಲ್ಲ. ಊರೊಳಗೆ ನುಗ್ಗಿದ ಚಿರತೆಯನ್ನು, ತೋಟಗಳಿಗೆ ಇಳಿದ ಕಾಡಾನೆಯನ್ನು ಕರ್ನಾಟಕದ ಅರಣ್ಯ ಇಲಾಖೆಯ ಪಶುವೈದ್ಯರು ಸೆರೆಹಿಡಿಯುವಾಗ ಬಂದೂಕಿನಿಂದ ಹಾರಿಸುವ ಅರಿವಳಿಕೆ ಮದ್ದಿನಲ್ಲಿ ಕ್ಸೈಲಜಿನ್ ಎಂಬ ಔಷಧದೊಡನೆ ಕೆಟಮಿನ್ ಬೆರೆಸಿ ಬಳಸುವುದುಂಟು. ಇದನ್ನು ಕೇಳಿ ಕೆಲವರು ಕೆಟಮಿನ್ ಎಂದರೆ ಪ್ರಾಣಿಗಳ ಮದ್ದು ಎಂದು ಭಾವಿಸುತ್ತಾರೆ. ಅದು ಸರಿಯಲ್ಲ. ಮೊದಲಿನಿಂದಲೂ ಅದು ಮನುಷ್ಯರ ಔಷಧ, ಪ್ರಾಣಿಗಳಿಗೂ ಒದಗಿತು ಅಷ್ಟೆ.

ಹಿಂಬಾಗಿಲಿನಿಂದ ಹೊರಗೆ

ಅರಿವು ತಪ್ಪಿಸುವಷ್ಟು ಕೊಡದೆ, ಅದಕ್ಕಿಂತ ಕಡಿಮೆ ಪ್ರಮಾಣ ಒಳಗೆ ಹೋದರೆ ಕೆಟಮಿನ್ ಮನುಷ್ಯನನ್ನು ಎಚ್ಚರ ಮತ್ತು ಕನಸುಗಳ ನಡುವೆ ನಿಲ್ಲಿಸುತ್ತದೆ. ಈ ಸ್ಥಿತಿಯ ಬೆನ್ನು ಹತ್ತಿದವರು 1970ರ ದಶಕದಲ್ಲೇ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಇದ್ದರು. ಅವರ ಸಂಖ್ಯೆ ಚಿಕ್ಕದು, ಹೆಚ್ಚಿನವರು ಓದುಬರಹ ಬಲ್ಲ ಮಧ್ಯವಯಸ್ಕರು. ಡಾಲ್ಫಿನ್‌ಗಳ ಬಗ್ಗೆ ಸಂಶೋಧನೆ ನಡೆಸಿ ಪ್ರಸಿದ್ಧರಾಗಿದ್ದ ಜಾನ್ ಲಿಲ್ಲಿ, ಯೋಗದ ಬಗ್ಗೆ ಪುಸ್ತಕ ಬರೆದಿದ್ದ ಮಾರ್ಸಿಯ ಮೂರ್ ಇಬ್ಬರೂ 1978ರಲ್ಲಿ ತಮ್ಮ ಕೆಟಮಿನ್ ಅನುಭವಗಳನ್ನು ಪ್ರಕಟಿಸಿದರು. ಮಾರ್ಸಿಯ ಮೂರ್ 1979ರ ಜನವರಿಯ ಚಳಿಯಲ್ಲಿ ಮನೆಯಿಂದ ಕಾಣೆಯಾದರು. ಎರಡು ವರ್ಷದ ನಂತರ ಸಮೀಪದ ಕಾಡಿನಲ್ಲಿ ಅವರ ಅವಶೇಷ ಸಿಕ್ಕಿತು.

1980ರ ದಶಕದ ಕೊನೆಯಲ್ಲಿ ಬ್ರಿಟನ್ನಿನಲ್ಲಿ ‘ರೇವ್’ ಎಂಬ ಹೊಸ ಬಗೆಯ ಸಂಗೀತಕೂಟಗಳು ಹಬ್ಬಿದವು. ಖಾಲಿ ಗೋದಾಮುಗಳಲ್ಲಿ, ಬಯಲುಗಳಲ್ಲಿ ಯುವಕರು ಬೆಳಗಿನವರೆಗೆ ಯಂತ್ರಸಂಗೀತಕ್ಕೆ ಕುಣಿಯುತ್ತಿದ್ದರು. ಅಲ್ಲಿ ‘ಎಕ್ಸ್ಟಸಿ’ ಎಂಬ ಮಾತ್ರೆ ಮಾರಾಟವಾಗುತ್ತಿತ್ತು. ಆ ಹೆಸರಿನಲ್ಲಿ ಮಾರಾಟವಾದ ಕೆಲವು ಮಾತ್ರೆಗಳಲ್ಲಿ ಇದ್ದದ್ದು ಕೆಟಮಿನ್. ಕೊಂಡವನಿಗೆ ತಾನು ನುಂಗಿದ್ದು ಏನೆಂದು ಗೊತ್ತಿರಲಿಲ್ಲ. ಕ್ರಮೇಣ ಅದನ್ನು ಹೆಸರು ಹಿಡಿದೇ ಕೇಳುವವರು ಹುಟ್ಟಿಕೊಂಡರು. ಅಮೆರಿಕದಲ್ಲಿ ಪಶುವೈದ್ಯರ ಚಿಕಿತ್ಸಾಲಯಗಳಿಂದ ಕೆಟಮಿನ್ ಕಳವಾಗುವ ಪ್ರಕರಣಗಳು ಹೆಚ್ಚಿದವು. 1999ರಲ್ಲಿ ಅಲ್ಲಿನ ಸರ್ಕಾರ ಅದನ್ನು ನಿಯಂತ್ರಿತ ವಸ್ತುಗಳ ಮೂರನೆಯ ಅನುಸೂಚಿಗೆ ಸೇರಿಸಿತು. ಬ್ರಿಟನ್ 2006ರಲ್ಲಿ ‘ಸಿ’ ವರ್ಗದ ಮಾದಕ ವಸ್ತುವೆಂದು ಘೋಷಿಸಿ, 2014ರಲ್ಲಿ ‘ಬಿ’ ವರ್ಗಕ್ಕೆ ಏರಿಸಿತು.

ಅಫೀಮಿನ ನಗರದಲ್ಲಿ

ಆದರೆ ಈ ಕಥೆ ತನ್ನ ಪೂರ್ಣ ರೂಪದಲ್ಲಿ ಕಾಣುವುದು ಹಾಂಗ್‌ಕಾಂಗ್‌ನಲ್ಲಿ. ಮಾದಕ ವಸ್ತುಗಳ ಇತಿಹಾಸದಲ್ಲಿ ಈ ಊರಿಗೆ ವಿಶೇಷ ಸ್ಥಾನವಿದೆ. ಈ ಊರು ಬ್ರಿಟಿಷರ ವಸಾಹತಾದದ್ದೇ ಅಫೀಮಿನಿಂದ. ಬಂಗಾಳ ಮತ್ತು ಬಿಹಾರಗಳಲ್ಲಿ ಈಸ್ಟ್ ಇಂಡಿಯ ಕಂಪನಿ ಬೆಳೆಸಿದ ಅಫೀಮು, ಮುಂಬಯಿ ಮೂಲಕ ಹೋಗುತ್ತಿದ್ದ ಮಾಳವದ ಅಫೀಮು ಚೀನಕ್ಕೆ ಸಾಗುತ್ತಿದ್ದವು. 1839ರಲ್ಲಿ ಚೀನದ ಅಧಿಕಾರಿ ಲಿನ್ ಝೆಷು 20,000ಕ್ಕೂ ಹೆಚ್ಚು ಪೆಟ್ಟಿಗೆ ಅಫೀಮನ್ನು ಮುಟ್ಟುಗೋಲು ಹಾಕಿ ನಾಶ ಮಾಡಿಸಿದ. ಯುದ್ಧವಾಯಿತು. ಸೋತ ಚೀನ 1842ರ ನಾನ್‌ಕಿಂಗ್ ಒಪ್ಪಂದದಲ್ಲಿ ಹಾಂಗ್‌ಕಾಂಗ್ ದ್ವೀಪವನ್ನು ಬ್ರಿಟನ್ನಿಗೆ ಬಿಟ್ಟುಕೊಟ್ಟಿತು. ಅಲ್ಲಿ ಅಫೀಮಿನ ಕಾಲ ಮುಗಿದ ಮೇಲೆ, ಎರಡನೆಯ ಮಹಾಯುದ್ಧದ ನಂತರ ಹೆರಾಯಿನ್ ಬಂತು. 1970ರ ದಶಕದಲ್ಲಿ ವ್ಯಸನಿಗಳಿಗಾಗಿ ಊರಿನ ಹಲವೆಡೆ ಮೆಥಡೋನ್ ಚಿಕಿತ್ಸಾಲಯಗಳು ತೆರೆದವು.

ಬ್ರಿಟನ್ 1997ರ ಜುಲೈ 1ರಂದು ಹಾಂಗ್‌ಕಾಂಗ್ ಅನ್ನು ಚೀನಕ್ಕೆ ಮರಳಿಸಿತು. ಅದೇ ಹೊತ್ತಿಗೆ ರೇವ್ ಕೂಟಗಳೂ ಡಿಸ್ಕೊಗಳೂ ಅಲ್ಲಿನ ಯುವಜನರನ್ನು ಸೆಳೆಯತೊಡಗಿದ್ದವು. 2000ದ ಆಸುಪಾಸಿನಲ್ಲಿ ಕೆಟಮಿನ್ ಬಳಕೆ ಥಟ್ಟನೆ ಏರಿತು. ಕ್ಯಾಂಟನೀಸ್ ಮಾತಿನಲ್ಲಿ ಅದಕ್ಕೆ ಸಿಕ್ಕಿದ ಹೆಸರು ‘ಕೆ-ಜಾಯ್’, ಅಂದರೆ ‘ಪುಟ್ಟ ಕೆ’. ಮನೆಯ ಮಗುವನ್ನು ಕರೆಯುವಂಥ ಹೆಸರು.

ಯುವಕರು ಇದನ್ನೇ ಏಕೆ ಆರಿಸಿಕೊಂಡರು? ಕೆಲವು ಕಾರಣಗಳು ಸ್ಪಷ್ಟವಾಗಿವೆ. ಮೊದಲನೆಯದು, ಅದು ಅಗ್ಗವಾಗಿತ್ತು. ಚೀನದ ಮುಖ್ಯಭೂಮಿಯಿಂದ ಸುಲಭವಾಗಿ ಬರುತ್ತಿತ್ತು. ವಾರಾಂತ್ಯದಲ್ಲಿ ಗಡಿ ದಾಟಿ ಶೆನ್‌ಝೆನ್ ನಗರದ ಡಿಸ್ಕೊಗಳಿಗೆ ಹೋದರೆ ಇನ್ನೂ ಸುಲಭವಾಗಿ ಸಿಗುತ್ತಿತ್ತು. ಎರಡನೆಯದು, ಸೂಜಿ ಬೇಕಿರಲಿಲ್ಲ. ಸೂಜಿ ಎಂದರೆ ಹೆರಾಯಿನ್, ಹೆರಾಯಿನ್ ಎಂದರೆ ರಸ್ತೆ ಬದಿಯಲ್ಲಿ ಕುಸಿದು ಕುಳಿತ ಒಣಕಲು ಮುದುಕ ಎಂಬ ಚಿತ್ರ ಆ ಊರಿನ ಮಕ್ಕಳ ಮನಸ್ಸಿನಲ್ಲಿತ್ತು. ಪುಡಿಯನ್ನು ಮೂಗಿಗೆ ಏರಿಸುವವನು ತನ್ನನ್ನು ಆ ಸಾಲಿಗೆ ಸೇರಿಸಿಕೊಳ್ಳಲಿಲ್ಲ. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು: ಅದು ಔಷಧ. ಆಸ್ಪತ್ರೆಯಲ್ಲಿ ಮಕ್ಕಳಿಗೂ ಕೊಡುತ್ತಾರೆ. ಹಾಗಾದರೆ ಅದರಿಂದ ಏನು ಕೇಡಾದೀತು ಎಂಬ ತರ್ಕ.

ಈ ತರ್ಕ ಮೂರ್ಖರದ್ದೆಂದು ತಳ್ಳಿಹಾಕುವಂತಿರಲಿಲ್ಲ. ಆ ಹೊತ್ತಿಗೆ ಮೂವತ್ತು ವರ್ಷಗಳಿಂದ ಲಕ್ಷಾಂತರ ರೋಗಿಗಳಿಗೆ ಕೆಟಮಿನ್ ಕೊಟ್ಟಿದ್ದರು. ಅದರಿಂದ ಯಾವುದೇ ಅಂಗ ಹಾಳಾಗುತ್ತದೆಂದು ವೈದ್ಯಕೀಯ ಪುಸ್ತಕಗಳು ಎಚ್ಚರಿಸಿರಲಿಲ್ಲ. ಆದರೆ ರೋಗಿ ಅದನ್ನು ಪಡೆಯುವುದು ಜೀವಮಾನದಲ್ಲಿ ಒಂದೆರಡು ಸಲ. ಪ್ರತಿ ವಾರ, ಆಮೇಲೆ ಪ್ರತಿ ದಿನ, ವರ್ಷಗಟ್ಟಲೆ ಅದನ್ನು ಸೇದಿದ ಮನುಷ್ಯನನ್ನು ಯಾವ ವೈದ್ಯರೂ ಅಭ್ಯಾಸ ಮಾಡಿರಲಿಲ್ಲ. ಏಕೆಂದರೆ ಅಂಥ ಮನುಷ್ಯ ಹಿಂದೆ ಇರಲೇ ಇಲ್ಲ ಎನ್ನಬಹುದು. ಆ ಪ್ರಯೋಗಕ್ಕೆ ತಾವೇ ಒಳಗಾಗುತ್ತಿದ್ದೇವೆಂದು ಹಾಂಗ್‌ಕಾಂಗ್‌ನ ಯುವಕರಿಗೆ ತಿಳಿದಿರಲಿಲ್ಲ. ಜಾಕ್ಸನ್ ಸೆರೆಮನೆಯ ಪ್ರಯೋಗದಲ್ಲಿ ಅಳತೆ ಬರೆದುಕೊಳ್ಳುವ ವೈದ್ಯರಾದರೂ ಪಕ್ಕದಲ್ಲಿದ್ದರು. ಇಲ್ಲಿ ಅವರೂ ಇರಲಿಲ್ಲ.

ಮೂತ್ರಕೋಶದ ರಹಸ್ಯ

ಹಾಂಗ್‌ಕಾಂಗ್‌ನ ಟುನ್ ಮುನ್ ಮತ್ತು ಪ್ರಿನ್ಸೆಸ್ ಮಾರ್ಗರೆಟ್ ಆಸ್ಪತ್ರೆಗಳ ಮೂತ್ರರೋಗ ವಿಭಾಗಕ್ಕೆ ವಿಚಿತ್ರ ರೋಗಿಗಳು ಬರತೊಡಗಿದರು. ಹೆಚ್ಚಿನವರು ಇಪ್ಪತ್ತರ ಆಸುಪಾಸಿನವರು. ಕೆಲವೇ ನಿಮಿಷಗಳಿಗೊಮ್ಮೆ ಮೂತ್ರಕ್ಕೆ ಓಡಬೇಕು, ತಡೆಯಲಾಗದ ನೋವು, ಮೂತ್ರದಲ್ಲಿ ರಕ್ತ. ಸೋಂಕು ಇರಬಹುದೆಂದು ಪರೀಕ್ಷಿಸಿದರೆ ರೋಗಾಣುವಿಲ್ಲ. ಕೊಟ್ಟ ಮದ್ದು ನಾಟುತ್ತಿರಲಿಲ್ಲ. ಇಷ್ಟು ಎಳೆಯ ವಯಸ್ಸಿನವರಲ್ಲಿ ಇಂಥ ಕಾಯಿಲೆ ಏಕೆ ಎಂದು ಕೆದಕಿ ಕೇಳಿದಾಗ ಎಲ್ಲರಲ್ಲೂ ಒಂದೇ ಸಾಮಾನ್ಯ ಅಂಶ ಸಿಕ್ಕಿತು. ಎಲ್ಲರೂ ಕೆಟಮಿನ್ ಬಳಸುತ್ತಿದ್ದರು.

ಮೂತ್ರರೋಗ ತಜ್ಞೆ ಡಾ. ಪೆಗ್ಗಿ ಚು ಮತ್ತು ಅವರ ಸಹೋದ್ಯೋಗಿಗಳು 2007ರಲ್ಲಿ ಇಂಥ 10 ರೋಗಿಗಳ ವರದಿಯನ್ನು ಹಾಂಗ್‌ಕಾಂಗ್‌ನ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದೇ ವರ್ಷ ಭೂಗೋಳದ ಇನ್ನೊಂದು ಮಗ್ಗುಲಿನ ಟೊರಾಂಟೊ ನಗರದ ವೈದ್ಯರು ತಮ್ಮಲ್ಲಿಗೆ ಬಂದ 9 ರೋಗಿಗಳ ಬಗ್ಗೆ ಬರೆದರು. ಮರುವರ್ಷ ಹಾಂಗ್‌ಕಾಂಗ್ ವೈದ್ಯರ ಪಟ್ಟಿ 59 ರೋಗಿಗಳಿಗೆ ಏರಿತ್ತು. ಕೆಟಮಿನ್ ಮತ್ತು ಅದು ದೇಹದಲ್ಲಿ ಒಡೆದು ಉಂಟಾಗುವ ವಸ್ತುಗಳು ಮೂತ್ರದ ಮೂಲಕ ಹೊರಹೋಗುತ್ತವೆ. ಮೂತ್ರಕೋಶದಲ್ಲಿ ಅವು ನಿಂತಷ್ಟು ಹೊತ್ತು ಅದರ ಒಳಪದರವನ್ನು ಸುಡುತ್ತವೆ. ಪದರ ಹುಣ್ಣಾಗಿ, ಮತ್ತೆ ಮತ್ತೆ ಹುಣ್ಣಾಗಿ, ಕೊನೆಗೆ ಗಡಸಾಗಿ ಕುಗ್ಗುತ್ತದೆ. ಆರೋಗ್ಯವಂತನ ಮೂತ್ರಕೋಶ 400ರಿಂದ 500 ಮಿಲಿಲೀಟರ್ ಹಿಡಿಯುತ್ತದೆ. ಈ ರೋಗಿಗಳಲ್ಲಿ ಕೆಲವರದು 100 ಮಿಲಿಲೀಟರನ್ನೂ ಹಿಡಿಯುತ್ತಿರಲಿಲ್ಲ. ಸುಮಾರು ಅರ್ಧದಷ್ಟು ಮಂದಿಯಲ್ಲಿ ಮೂತ್ರ ಹಿಂದಕ್ಕೆ ಒತ್ತಿ ಮೂತ್ರಪಿಂಡವೂ ಊದಿಕೊಂಡಿತ್ತು.

ಬೇಗ ನಿಲ್ಲಿಸಿದವರಲ್ಲಿ ಅನೇಕರು ಚೇತರಿಸಿಕೊಂಡರು. ತಡಮಾಡಿದವರ ಮೂತ್ರಕೋಶವನ್ನು ಕರುಳಿನ ತುಂಡು ಸೇರಿಸಿ ಹಿಗ್ಗಿಸಬೇಕಾಯಿತು, ಅಥವಾ ತೆಗೆದೇಹಾಕಬೇಕಾಯಿತು. ಇಲ್ಲಿ ಒಂದು ಕ್ರೂರ ಸಂಗತಿಯಿದೆ. ಕೆಟಮಿನ್ ಮೂಲತಃ ನೋವು ಕೊಲ್ಲುವ ಔಷಧ. ಮೂತ್ರಕೋಶದ ನೋವು ತಡೆಯಲಾರದೆ ಅದನ್ನು ಮರೆಯಲು ರೋಗಿ ಮತ್ತೆ ಕೆಟಮಿನ್‌ಗೇ ಕೈಚಾಚುತ್ತಾನೆ. ಗಾಯ ಮಾಡಿದ್ದೂ ಅದೇ, ಗಾಯ ಮರೆಸುವುದೂ ಅದೇ. ಹೊಟ್ಟೆಯ ಸೆಳೆತ, ಮರೆವು, ಏಕಾಗ್ರತೆಯ ನಾಶ ಇವೂ ಜೊತೆಗೂಡುತ್ತವೆ. ಮೊದಲು ಸಾಕಾಗುತ್ತಿದ್ದ ಪ್ರಮಾಣ ಆಮೇಲೆ ಸಾಲದಾಗುತ್ತದೆ. ದೇಹದ ಮೇಲೆ ಹಿಡಿತ ತಪ್ಪಿದ ಹೊತ್ತಿನಲ್ಲಿ ಬಿದ್ದು, ನೀರಿನಲ್ಲಿ ಮುಳುಗಿ, ರಸ್ತೆಯಲ್ಲಿ ವಾಹನಕ್ಕೆ ಸಿಕ್ಕಿ ಸತ್ತವರೂ ಇದ್ದಾರೆ.

ಸರ್ಕಾರ ಕೈಕಟ್ಟಿ ಕುಳಿತಿರಲಿಲ್ಲ. 2000ದಲ್ಲೇ ಕೆಟಮಿನ್ ಅನ್ನು ಅಪಾಯಕಾರಿ ಔಷಧಗಳ ಕಾನೂನಿನ ಅಡಿಯಲ್ಲಿ ತಂದಿತ್ತು. ಆದರೂ ಮುಂದಿನ ವರ್ಷಗಳಲ್ಲಿ 21 ವರ್ಷದೊಳಗಿನವರು ಅತಿ ಹೆಚ್ಚಾಗಿ ದುರುಪಯೋಗ ಮಾಡುತ್ತಿದ್ದ ಮಾದಕ ವಸ್ತು ಅದೇ ಆಗಿತ್ತು. ಡಿಸ್ಕೊಗಳ ಮೇಲೆ ಪೊಲೀಸರ ಕಣ್ಣು ಬಿದ್ದಾಗ ಬಳಕೆ ಮನೆಗಳಿಗೆ, ಉದ್ಯಾನಗಳ ಮೂಲೆಗಳಿಗೆ ಸರಿಯಿತು. ಬೆಳಕು, ಸಂಗೀತ, ಗೆಳೆಯರ ಗುಂಪು ಎಲ್ಲವೂ ಹೋಗಿ ಒಬ್ಬನೇ ಕೋಣೆಯ ಬಾಗಿಲು ಹಾಕಿಕೊಂಡು ಸೇದುವ ಸ್ಥಿತಿ ಬಂತು. 2007ರಲ್ಲಿ ನ್ಯಾಯ ಕಾರ್ಯದರ್ಶಿ ವಾಂಗ್ ಯಾನ್ ಲುಂಗ್ ಅವರ ನೇತೃತ್ವದಲ್ಲಿ ಕಾರ್ಯಪಡೆ ರಚನೆಯಾಯಿತು. 2009ರ ಡಿಸೆಂಬರ್‌ನಲ್ಲಿ ತೈ ಪೋ ಜಿಲ್ಲೆಯ 23 ಪ್ರೌಢಶಾಲೆಗಳಲ್ಲಿ, ಒಪ್ಪಿಗೆ ಕೊಟ್ಟ ವಿದ್ಯಾರ್ಥಿಗಳಿಗೆ ಮಾದಕ ವಸ್ತು ಪರೀಕ್ಷೆ ನಡೆಸುವ ಯೋಜನೆ ಆರಂಭವಾಯಿತು. ವಿದ್ಯಾರ್ಥಿಗಳ ಖಾಸಗಿತನಕ್ಕೆ ಧಕ್ಕೆಯಾಗುತ್ತದೆ, ಗುರುಶಿಷ್ಯರ ನಡುವಿನ ನಂಬಿಕೆ ಕೆಡುತ್ತದೆ ಎಂದು ಅನೇಕರು ಅದನ್ನು ವಿರೋಧಿಸಿದರು. 2010ರ ದಶಕದಲ್ಲಿ ಕೆಟಮಿನ್ ಬಳಕೆ ಅಲ್ಲಿ ಗಣನೀಯವಾಗಿ ಇಳಿಯಿತು. ಕಾನೂನು, ಶಾಲೆ, ಸಮಾಜಸೇವಕರು ಎಲ್ಲರ ಪಾಲೂ ಅದರಲ್ಲಿದೆ. ಆದರೆ ಅವೆಲ್ಲವುಗಳೊಡನೆ, ಓಡಾಡಿ ಶೌಚಾಲಯ ಹುಡುಕುವ ಹಿರಿಯ ಗೆಳೆಯನನ್ನು ಕಣ್ಣಾರೆ ಕಂಡ ಕಿರಿಯರ ಭಯವೂ ಕೆಲಸ ಮಾಡಿರಬೇಕು ಎಂದು ನನ್ನ ಭಾವನೆ. ಅದೇ ಹೊತ್ತಿಗೆ ‘ಐಸ್’ ಎಂಬ ಮೆಥಾಂಫೆಟಮಿನ್ ಮತ್ತು ಕೊಕೇನ್ ಅದರ ಸ್ಥಾನವನ್ನು ತುಂಬಿದವು ಎಂಬುದನ್ನೂ ಮರೆಯಬಾರದು.

ನಿಷೇಧಿಸಿದರೆ ಸಾಕೇ?

ಇಷ್ಟು ಕೇಳಿದವರಿಗೆ, ಈ ವಸ್ತುವನ್ನು ಪ್ರಪಂಚದಿಂದಲೇ ನಿಷೇಧಿಸಬಾರದೇಕೆ ಎಂಬ ಪ್ರಶ್ನೆ ಸಹಜ. ಕೆಟಮಿನ್ ಹಾವಳಿಯಿಂದ ತಾನೂ ತತ್ತರಿಸಿದ್ದ ಚೀನ ಇದನ್ನು ಅಂತಾರಾಷ್ಟ್ರೀಯ ಒಪ್ಪಂದದ ನಿಯಂತ್ರಣಕ್ಕೆ ತರಬೇಕೆಂದು ವಿಶ್ವಸಂಸ್ಥೆಯಲ್ಲಿ ಒತ್ತಾಯಿಸಿತು. 2015ರ ಮಾರ್ಚ್‌ನಲ್ಲಿ ವಿಯೆನ್ನಾದಲ್ಲಿ ಸೇರಿದ ಆಯೋಗ ನಿರ್ಧಾರವನ್ನು ಮುಂದೂಡಿತು. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ ಈ ವಿಷಯವನ್ನು ಒಂದಕ್ಕಿಂತ ಹೆಚ್ಚು ಬಾರಿ ಪರಿಶೀಲಿಸಿ, ಅಂಥ ನಿಯಂತ್ರಣ ಬೇಡವೆಂದೇ ಹೇಳಿತು.

ಅದರ ಕಾರಣವನ್ನು ನಾವು ಗೌರವದಿಂದ ಕೇಳಬೇಕು. ಅಂತಾರಾಷ್ಟ್ರೀಯ ನಿಯಂತ್ರಣಕ್ಕೆ ಬಂದ ಔಷಧಕ್ಕೆ ಆಮದು ಪರವಾನಗಿ, ಲೆಕ್ಕಪತ್ರ, ತಪಾಸಣೆ ಎಲ್ಲ ಬೇಕಾಗುತ್ತದೆ. ಶ್ರೀಮಂತ ದೇಶ ಅದನ್ನು ನಿಭಾಯಿಸುತ್ತದೆ. ಬಡ ದೇಶದ ಹಳ್ಳಿಯ ಆಸ್ಪತ್ರೆಗೆ ಔಷಧವೇ ತಲುಪದೆ ಹೋಗುತ್ತದೆ. ನೋವು ಶಮನಕ್ಕೆ ಬೇಕಾದ ಮಾರ್ಫಿನ್‌ಗೆ ಹೀಗೆಯೇ ಆಗಿರುವುದನ್ನು ಪ್ರಪಂಚ ಕಂಡಿದೆ. ನಗರದ ಕುಣಿತದ ಕೋಣೆಯಲ್ಲಿ ಯಾರೋ ಮಾಡಿದ ದುರುಪಯೋಗಕ್ಕೆ ದೂರದ ಹಳ್ಳಿಯಲ್ಲಿ ಹೆರಿಗೆ ಕಷ್ಟವಾದ ತಾಯಿ ಬೆಲೆ ತೆರಬೇಕಾಗುತ್ತದೆ.

ಭಾರತ ನಡುದಾರಿಯನ್ನು ಹಿಡಿದಿದೆ. ನಮ್ಮ ದೇಶ ಕೆಟಮಿನ್ ತಯಾರಿಸುವ ದೇಶಗಳಲ್ಲಿ ಒಂದು, ಇಲ್ಲಿಂದ ಪೂರ್ವ ಏಷ್ಯಕ್ಕೆ ಕಳ್ಳಸಾಗಣೆಯಾಗುತ್ತಿದ್ದ ಸರಕು ಹಲವು ಸಲ ಸಿಕ್ಕಿಬಿದ್ದದ್ದೂ ಉಂಟು. 2011ರಲ್ಲಿ ಕೇಂದ್ರ ಸರ್ಕಾರ ಕೆಟಮಿನ್ ಅನ್ನು ಮಾದಕ ದ್ರವ್ಯ ಕಾಯಿದೆಯ ಮನೋಪ್ರಭಾವಿ ವಸ್ತುಗಳ ಪಟ್ಟಿಗೆ ಸೇರಿಸಿತು. 2013ರಲ್ಲಿ ಔಷಧ ನಿಯಮಗಳ ಎಕ್ಸ್ ಅನುಸೂಚಿಗೂ ಸೇರಿಸಿತು. ಇದರ ಪ್ರಕಾರ ವೈದ್ಯರು ಎರಡು ಪ್ರತಿಯಲ್ಲಿ ಚೀಟಿ ಬರೆಯಬೇಕು, ಔಷಧ ಅಂಗಡಿಯವರು ಒಂದು ಪ್ರತಿಯನ್ನು ಎರಡು ವರ್ಷ ಕಾಪಾಡಬೇಕು. ಶಸ್ತ್ರಕ್ರಿಯೆಯ ಮೇಜಿನ ಮೇಲೆ ಔಷಧ ಉಳಿಯಬೇಕು, ಬೀದಿಗೆ ಬರಬಾರದು ಎಂಬುದು ಇದರ ಆಶಯ.

ಇತ್ತೀಚಿನ ಅಧ್ಯಾಯ

ಕಥೆ ಇಲ್ಲಿಗೆ ಮುಗಿದಿಲ್ಲ. ಬೇರೆ ಮದ್ದುಗಳಿಗೆ ಬಗ್ಗದ ಖಿನ್ನತೆಯನ್ನು ಸಣ್ಣ ಪ್ರಮಾಣದ ಕೆಟಮಿನ್ ಕೆಲವೇ ಗಂಟೆಗಳಲ್ಲಿ ತಗ್ಗಿಸಬಲ್ಲದು ಎಂದು 2000ದಿಂದೀಚಿನ ಸಂಶೋಧನೆಗಳು ತೋರಿಸಿದವು. ಅದರ ಒಂದು ರೂಪವಾದ ಎಸ್‌ಕೆಟಮಿನ್ ಅನ್ನು ಮೂಗಿನ ತುಂತುರಾಗಿ ಕೊಡಲು ಅಮೆರಿಕ 2019ರಲ್ಲಿ ಅನುಮತಿ ನೀಡಿತು. ಮನೆಗೆ ಒಯ್ಯುವಂತಿಲ್ಲ, ಚಿಕಿತ್ಸಾಲಯದಲ್ಲೇ ತೆಗೆದುಕೊಂಡು ಎರಡು ಗಂಟೆಯಾದರೂ ನಿಗಾದಲ್ಲಿರಬೇಕು ಎಂಬ ಷರತ್ತಿನೊಡನೆ.

ಷರತ್ತು ಮೀರಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ದೊರೆಯಿತು. ಅಮೆರಿಕದ ಜನಪ್ರಿಯ ದೂರದರ್ಶನ ನಟ ಮ್ಯಾಥ್ಯೂ ಪೆರ್ರಿ 2023ರ ಅಕ್ಟೋಬರ್‌ನಲ್ಲಿ ಕೆಟಮಿನ್ ಪರಿಣಾಮದಿಂದ ತೀರಿಕೊಂಡರು. ಖಿನ್ನತೆಗಾಗಿ ಅವರು ಕ್ರಮಬದ್ಧ ಚಿಕಿತ್ಸೆ ಪಡೆಯುತ್ತಿದ್ದರು, ಆದರೆ ಪ್ರಾಣ ತೆಗೆದದ್ದು ಹೊರಗಿನಿಂದ ತರಿಸಿದ ಔಷಧ. ಈ ಪ್ರಕರಣದಲ್ಲಿ 2024ರಲ್ಲಿ ಐವರ ಮೇಲೆ ಮೊಕದ್ದಮೆ ಹೂಡಲಾಯಿತು. ಅವರಲ್ಲಿ ಇಬ್ಬರು ವೈದ್ಯರು. ಬಿಳಿ ಕೋಟು ತೊಟ್ಟ ಮಾತ್ರಕ್ಕೆ ಕೈ ಶುದ್ಧವಾಗುವುದಿಲ್ಲ.

ಹಾಂಗ್‌ಕಾಂಗ್‌ನ ಪಾಠವನ್ನು ಪ್ರಪಂಚ ಕಲಿತಿತೇ? ಇಂಗ್ಲೆಂಡಿನಲ್ಲಿ ಕೆಟಮಿನ್ ತೊಂದರೆಗಾಗಿ ಚಿಕಿತ್ಸೆಗೆ ಸೇರಿದ ವಯಸ್ಕರು 2014–15ರಲ್ಲಿ 426 ಮಂದಿ. 2023–24ರಲ್ಲಿ ಅವರ ಸಂಖ್ಯೆ 3,609. ಮೂತ್ರಕೋಶದ ಸಂಗತಿ ಈಗ ವೈದ್ಯಕೀಯ ಪುಸ್ತಕದಲ್ಲಿದೆ, ಆದರೆ ಕುಣಿತದ ಕೋಣೆಯಲ್ಲಿ ಪುಡಿ ಚಾಚುವ ಗೆಳೆಯ ಆ ಪುಸ್ತಕ ಓದಿರುವುದಿಲ್ಲ.

‘ಅತಿಯಾದರೆ ಅಮೃತವೂ ವಿಷ’ ಎಂಬ ನಮ್ಮ ಗಾದೆ ಈ ಕಥೆಯ ಅರ್ಧವನ್ನು ಹೇಳುತ್ತದೆ. ಇನ್ನರ್ಧವನ್ನು ಇತಿಹಾಸ ಹೇಳುತ್ತದೆ. ಕೆಟಮಿನ್ ಸುರಕ್ಷಿತ ಎಂದು ವೈದ್ಯರು ಅಂದಾಗ ಅವರು ಬಾಟಲಿಯೊಳಗಿನ ದ್ರವವೊಂದನ್ನೇ ಕುರಿತು ಮಾತನಾಡುತ್ತಿರಲಿಲ್ಲ. ಎಷ್ಟು ಕೊಡಬೇಕು, ಎಷ್ಟು ಸಲ ಕೊಡಬೇಕು, ಕೊಟ್ಟ ಮೇಲೆ ಪಕ್ಕದಲ್ಲಿ ಕುಳಿತು ನಾಡಿ ನೋಡುವವರು ಯಾರು ಎಂಬ ಇಡೀ ವ್ಯವಸ್ಥೆಯನ್ನು ಕುರಿತು ಹೇಳುತ್ತಿದ್ದರು. ಬಾಟಲಿ ಕದ್ದವನು ದ್ರವವನ್ನು ಮಾತ್ರ ಕದ್ದ. ಸುರಕ್ಷತೆ ಆಸ್ಪತ್ರೆಯಲ್ಲೇ ಉಳಿಯಿತು.

ವಿದ್ಯಾರ್ಥಿ ಮಿತ್ರರೇ, ‘ಇದು ಔಷಧವೇ, ಏನೂ ಆಗುವುದಿಲ್ಲ’ ಎಂಬ ಮಾತು ಕೆಟಮಿನ್ ಒಂದರ ಬಗ್ಗೆ ಮಾತ್ರ ಕೇಳಿಬರುವುದಲ್ಲ. ನಾಳೆ ಬೇರೊಂದು ಹೆಸರಿನ ಮಾತ್ರೆಯ ಬಗ್ಗೆ, ಕೆಮ್ಮಿನ ಸಿರಪ್ಪಿನ ಬಗ್ಗೆ, ನಿದ್ದೆಯ ಗುಳಿಗೆಯ ಬಗ್ಗೆ ಕೇಳಿಬರಬಹುದು. ಆಗ ಟುನ್ ಮುನ್ ಆಸ್ಪತ್ರೆಯ ಆ ಎಳೆಯ ರೋಗಿಗಳನ್ನು ನೆನೆಯಿರಿ. ಅವರಿಗೆ ಎಚ್ಚರಿಕೆ ಹೇಳಲು ಆ ಕಾಲಕ್ಕೆ ಯಾರಿಗೂ ಗೊತ್ತಿರಲಿಲ್ಲ, ನಮಗೆ ಗೊತ್ತಿದೆ. ಗೆಳೆಯನೊಬ್ಬ ಈಗಾಗಲೇ ಸಿಕ್ಕಿಕೊಂಡಿದ್ದರೆ ಅವನನ್ನು ಹೀಯಾಳಿಸದೆ ಚಿಕಿತ್ಸೆಗೆ ಕರೆದೊಯ್ಯಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಒಂದು ಕೇಂದ್ರವಿದೆ, 14446 ಎಂಬ ರಾಷ್ಟ್ರೀಯ ಸಹಾಯವಾಣಿಯೂ ಇದೆ. ಬೇಗ ನಿಲ್ಲಿಸಿದವರ ಮೂತ್ರಕೋಶ ಚೇತರಿಸಿಕೊಂಡಿತು ಎಂಬುದು ಹಾಂಗ್‌ಕಾಂಗ್‌ನ ವೈದ್ಯರು ಬರೆದಿಟ್ಟ ಇತಿಹಾಸದ ಒಳ್ಳೆಯ ಪುಟ. ಆ ಪುಟವನ್ನು ಅವನಿಗೂ ಓದಿ ಹೇಳಿ.